ಬಿಟ್ಟ ಪ್ರಶ್ನೆ

ಮೂವತ್ತು ವರ್ಷ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವನು ನಾನು. ಅದರಲ್ಲಿ ಬಹುಪಾಲು ಬೇಸಗೆಗಳ ಕೆಲವು ದಿನಗಳು ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲಿ ಕಳೆದುವು. ತಪ್ಪು ಉತ್ತರಗಳಿಂದ ನನಗೆ ಎಂದೂ ಬೇಸರವಾದದ್ದಿಲ್ಲ. ತಪ್ಪಿನಲ್ಲಿಯೂ ಒಂದು ಬಗೆಯ ಮಾತುಕತೆಯಿರುತ್ತದೆ. ಹುಡುಗ ಎಲ್ಲಿಯವರೆಗೆ ನೆಟ್ಟಗೆ ಬಂದ, ಯಾವ ತಿರುವಿನಲ್ಲಿ ದಾರಿ ಬಿಟ್ಟ ಎಂಬುದು ಕಾಣುತ್ತದೆ. ಒಂದು ಹೆಜ್ಜೆಗೆ ಒಂದಂಕ, ಅರ್ಧ ಹೆಜ್ಜೆಗೆ ಅರ್ಧ ಅಂಕ ಎಂದು ಕೊಟ್ಟು ಮುಂದೆ ಹೋಗಬಹುದು. ಮನಸ್ಸನ್ನು ಕಲಕುತ್ತಿದ್ದುದು ಬೇರೆ. ಪ್ರಶ್ನೆಯ ಸಂಖ್ಯೆಯನ್ನು ಅಂಚಿನಲ್ಲಿ ದುಂಡಗೆ ಬರೆದು, ಅದರ ಮುಂದೆ ಅರ್ಧ ಪುಟ ಖಾಲಿ ಬಿಟ್ಟು, ಮುಂದಿನ ಸುಲಭದ ಪ್ರಶ್ನೆಗೆ ಸಾಗಿರುವ ಉತ್ತರಪತ್ರಿಕೆ. ಆ ಜಾಗ ಬಿಟ್ಟಾಗ ಮಗುವಿಗೆ ಆಮೇಲೆ ಬರೆಯೋಣವೆಂಬ ಆಸೆಯಿತ್ತೋ ಏನೋ. ಆಮೇಲೆ ಎಂಬುದು ಬರಲಿಲ್ಲ. ಅಂಥ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತಿತ್ತು.

ನಿವೃತ್ತನಾದ ಮೇಲೆ ರಾಯಲ್ಪಾಡಿಗೆ ಸಮೀಪದ ನಮ್ಮ ಹಳ್ಳಿಗೆ ಬಂದು ನೆಲೆಸಿದ್ದೇನೆ. ಶ್ರೀನಿವಾಸಪುರ ತಾಲ್ಲೂಕಿನ ಈ ಹೋಬಳಿ ಕರ್ನಾಟಕದ ಒಂದು ಅಂಚು; ಇನ್ನು ಸ್ವಲ್ಪ ನಡೆದರೆ ಆಂಧ್ರ. ಕೆಂಪು ನೆಲ, ಬಂಡೆಗುಡ್ಡ, ಮಾವಿನ ತೋಪು. ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಡಿಸೆಂಬರ್ ಕಳೆದರೆ ಸಂಜೆ ಹೊತ್ತು ಹತ್ತನೆಯ ತರಗತಿಯ ಏಳೆಂಟು ಮಕ್ಕಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ನಾನು ಕರೆದದ್ದಲ್ಲ, ಒಬ್ಬಳು ಬಂದಳು, ಅವಳ ಹಿಂದೆ ಉಳಿದವರು ಬಂದರು. ವಿಜ್ಞಾನ, ಭೂಗೋಳ, ಗಣಿತ ಮೂರನ್ನೂ ತರುತ್ತಾರೆ. ಭೂಗೋಳ ನನ್ನ ವಿಷಯವಲ್ಲವೆಂದರೆ ಕೇಳುವುದಿಲ್ಲ; ಮೇಷ್ಟರೆಂದ ಮೇಲೆ ಎಲ್ಲ ಗೊತ್ತಿರಬೇಕೆಂಬುದು ಅವರ ನ್ಯಾಯ.

ಈ ಮಕ್ಕಳಲ್ಲಿ ನಾನು ಮೊದಲು ಗಮನಿಸಿದ್ದು ಒಂದು ಮಾತನ್ನು. ಪ್ರಶ್ನೆಪತ್ರಿಕೆಯನ್ನು ಕೈಗೆ ಕೊಟ್ಟೊಡನೆ ಬೆರಳಿಟ್ಟುಕೊಂಡು ಕೆಳಗಿಳಿಯುತ್ತಾರೆ. ಪ್ರಮೇಯ ನಿರೂಪಿಸಿ: ಇದು ಬರುತ್ತೆ. ನಕ್ಷೆಯ ಕ್ರಮದಿಂದ ಬಿಡಿಸಿ: ಇದು ಬರುತ್ತೆ. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ: ಬರುತ್ತೆ. ನಾಲ್ಕೈದು ಸಾಲಿನ ಬಿಡಿಪ್ರಶ್ನೆಯೊಂದು, ಯೋಚನೆಯನ್ನು ಬೇಡುವಂಥದು, ಬೆರಳಿಗೆ ಸಿಕ್ಕರೆ ಅದನ್ನು ಓದುವುದೂ ಇಲ್ಲ. 'ಇದಿ ಮನದಿ ಕಾದು, ಸಾರ್' ಎನ್ನುತ್ತಾರೆ. ಇದು ನಮ್ಮದಲ್ಲ. ಕಷ್ಟ ಎಂದಲ್ಲ, ಗೊತ್ತಿಲ್ಲ ಎಂದೂ ಅಲ್ಲ, ನಮ್ಮದಲ್ಲ. ಪಕ್ಕದವರ ತೋಪಿನ ಕಾಯನ್ನು ತೋರಿಸಿ ಹೇಳುವಂತೆ ಹೇಳುತ್ತಾರೆ.

ಈ ಮಾತನ್ನು ಅವರಿಗೆ ಕಲಿಸಿದವರು ಯಾರು? ಹೊರಗೆ ಹುಡುಕಬೇಕಾಗಿಲ್ಲ. ನನ್ನಂಥವರೇ ಕಲಿಸಿದೆವು. ನಮ್ಮ ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬುದೊಂದು ಬಳಕೆಯಲ್ಲಿದೆ. ವರ್ಷ ವರ್ಷವೂ ತಪ್ಪದೆ ಬರುವ ಪ್ರಶ್ನೆಗಳನ್ನು ಆಯ್ದು, ಹಿಂದೆ ಬಿದ್ದ ಮಗುವಿಗೆ ಅವನ್ನಷ್ಟೇ ಉರುಹೊಡೆಸಿ, ಉತ್ತೀರ್ಣತೆಯ ಗೆರೆಯನ್ನು ದಾಟಿಸುವ ಗಂಟು ಅದು. ಥೇಲ್ಸನ ಪ್ರಮೇಯ, ಎರಡು ರೇಖೆಗಳ ನಕ್ಷೆ, ಕಣ್ಣಿನ ಚಿತ್ರ, ಭಾರತದ ಭೂಪಟ. ಇದನ್ನು ಹಳಿಯುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಅನುತ್ತೀರ್ಣಳಾದ ಹುಡುಗಿಗೆ ಹಳ್ಳಿಯಲ್ಲಿ ಏನಾಗುತ್ತದೆಂದು ಬಲ್ಲ ಮೇಷ್ಟರು ಹಾಗೆ ಹಳಿಯಲಾರರು. ಫಲಿತಾಂಶದ ಪಟ್ಟಿ ಬಂದಾಗ ನಿಮ್ಮ ಶಾಲೆ ಯಾಕೆ ಕೆಳಗಿದೆಯೆಂದು ಕೇಳುವವರಿಗೆ ಉತ್ತರ ಕೊಡಬೇಕಾದವರೂ ಅವರೇ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳಾದುವು. 2025ರಲ್ಲಿ ಉತ್ತೀರ್ಣತೆಯ ಗೆರೆಯನ್ನು ನೂರಕ್ಕೆ 35ರಿಂದ 33ಕ್ಕೆ, ಎಂದರೆ ಒಟ್ಟು 625ಕ್ಕೆ 206ಕ್ಕೆ, ಇಳಿಸುವ ತೀರ್ಮಾನವಾಯಿತು. ಇವು ಮಕ್ಕಳ ಎದೆಯ ಭಾರವನ್ನು ಇಳಿಸುವ ಕೆಲಸಗಳು. ನನಗೆ ಇವುಗಳ ಮೇಲೆ ದೂರಿಲ್ಲ. ನನ್ನ ದೂರು ಗಂಟಿನೊಳಗೆ ಇಟ್ಟದ್ದರ ಮೇಲಲ್ಲ, ಅದರ ಜೊತೆಗೆ ನಾವು ಹೇಳಿಕೊಟ್ಟ ಒಂದು ಮಾತಿನ ಮೇಲೆ: 'ಉಳಿದದ್ದನ್ನು ಬಿಟ್ಟುಬಿಡು.'

ನಾನು ಆ ಮಾತನ್ನು ಎಷ್ಟು ಸಲ ಹೇಳಿದ್ದೇನೆಂಬುದು ಲೆಕ್ಕಕ್ಕೆ ಸಿಕ್ಕದು. ಒಂದು ಸಲ ಹೇಳಿದ್ದು ಮಾತ್ರ ನನ್ನನ್ನು ಹುಡುಕಿಕೊಂಡು ಬಂತು. ಕೆಲವು ವರ್ಷಗಳ ಹಿಂದೆ ಮಾವಿನ ಸುಗ್ಗಿಯಲ್ಲಿ ಮಂಡಿಗೆ ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ನಮಸ್ಕಾರ ಮಾಡಿದಳು. ಹಳೆಯ ವಿದ್ಯಾರ್ಥಿನಿ. ತೂಕದಲ್ಲಿ ಕಳೆಯುವುದು, ಕಮಿಷನ್, ಕೂಲಿ, ಲಾರಿ ಬಾಡಿಗೆ ಎಲ್ಲವನ್ನೂ ಬಾಯಲ್ಲೇ ಕಳೆದು, ರೈತನ ಕೈಗೆ ಎಷ್ಟು ಬರುತ್ತದೆಂದು ಆತ ಕೇಳುವ ಮೊದಲೇ ಹೇಳುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಚಹ ತರಿಸಿದಳು. ಮಾತಿನ ನಡುವೆ ನಗುತ್ತಲೇ, 'ಸಾರ್, ಅವತ್ತು ಆ ನೆರಳಿನ ಲೆಕ್ಕ ಬಿಟ್ಟುಬಿಡು ಅಂದ್ರಲ್ಲ, ಅದಕ್ಕೆ ಉತ್ತರ ಏನು?' ಎಂದು ಕೇಳಿದಳು. ಯಾವ ಲೆಕ್ಕವೆಂದು ನನಗೆ ನೆನಪಿರಲಿಲ್ಲ. ಅವಳಿಗೆ ಇತ್ತು. ಪರೀಕ್ಷೆಗೆ ಮುನ್ನ ಅವಳು ತಂದು ತೋರಿಸಿದ ಲೆಕ್ಕ. ತ್ರಿಕೋನಮಿತಿ ನಿನಗೆ ಬೇಡ, ಪ್ರಮೇಯ ಚೆನ್ನಾಗಿ ಬರೆ ಎಂದು ಕಳಿಸಿದ್ದೆನಂತೆ. ಅವಳು ಉತ್ತೀರ್ಣಳಾದಳು, ಓದು ಅಲ್ಲಿಗೆ ನಿಂತಿತು. ಲೆಕ್ಕ ಮಾತ್ರ ಇಷ್ಟು ವರ್ಷ ಅವಳೊಳಗೆ ಕುಳಿತಿತ್ತು. ಮಂಡಿಯ ಗದ್ದಲದಲ್ಲಿ ಚೀಟಿಯ ಬೆನ್ನಿನ ಮೇಲೆ ಅದನ್ನು ಬಿಡಿಸಿ ತೋರಿಸಿದೆ. 'ಇಷ್ಟೇನಾ?' ಎಂದಳು. ಆ 'ಇಷ್ಟೇನಾ' ಎಂಬುದಕ್ಕೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ಹೀಗಾಗಿ ಜಗಲಿಯ ಮಕ್ಕಳಿಗೆ ನಾನು ಹಾಕಿದ ಕಟ್ಟು ಒಂದೇ. ಯಾವ ಪ್ರಶ್ನೆಯನ್ನಾದರೂ ತಪ್ಪು ಮಾಡಬಹುದು, ಬಿಡುವಂತಿಲ್ಲ. ಮೊದಲು ಅದನ್ನು ಮನೆಯ ಮಾತಿನಲ್ಲಿ ಹೇಳಬೇಕು. ಆಮೇಲೆ ಒಂದು ಚಿತ್ರ ಬರೆಯಬೇಕು. ಆಮೇಲೆ ಪುಸ್ತಕದ ಮಾತಿಗೆ ಬರಬೇಕು. ಮನೆಯ ಮಾತು ಎಂದದ್ದಕ್ಕೆ ಕಾರಣವುಂಟು. ನಮ್ಮ ಮಗು ಮನೆಯಲ್ಲಿ 'ಅದ್ದಂ' ನೋಡಿ ತಲೆ ಬಾಚಿಕೊಳ್ಳುತ್ತದೆ. ಶಾಲೆಯ ಗೆಳತಿಯ ಬಾಯಲ್ಲಿ ಅದು 'ಕನ್ನಡಿ'. ವಿಜ್ಞಾನದ ಪುಸ್ತಕದಲ್ಲಿ 'ದರ್ಪಣ'. ನಿಮ್ನ ದರ್ಪಣ, ಪೀನ ದರ್ಪಣ. ಮೂರು ಮಾತುಗಳ ಮೂಲಕ ಒಂದೇ ವಸ್ತುವನ್ನು ಮುಟ್ಟಬೇಕು. ಮುಂದೆ ಕಾಲೇಜಿಗೆ ಹೋದರೆ ಇಂಗ್ಲಿಷಿನ ನಾಲ್ಕನೆಯದೂ ಸೇರುತ್ತದೆ. ಪಾರಿಭಾಷಿಕ ಪದಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1918ರಷ್ಟು ಹಿಂದೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದಾಗ ಈ ಪದಗಳಿಗಾಗಿ ಎಷ್ಟು ಬೆವರಿಳಿಸಿರಬೇಕೆಂಬುದನ್ನು ಊಹಿಸಬಲ್ಲೆ. ಪದ ಬೇಕು, ಪದದ ಹಿಂದೆ ವಸ್ತುವೂ ಬೇಕು. ಬಸ್ಸಿನ ಚಾಲಕನ ಪಕ್ಕದಲ್ಲಿ ಹೊರಚಾಚಿಕೊಂಡಿರುವ ಉಬ್ಬುಗನ್ನಡಿಯಲ್ಲಿ ಹಿಂದಿನ ರಸ್ತೆಯೆಲ್ಲ ಚಿಕ್ಕದಾಗಿ ಅಡಗಿರುವುದನ್ನು ಮಕ್ಕಳು ದಿನವೂ ನೋಡುತ್ತಾರೆ. ಅದೇ ಪೀನ ದರ್ಪಣವೆಂದು ತಿಳಿದಾಗ ಒಬ್ಬ ಹುಡುಗ, 'ಅದಕ್ಕೇ ಹಿಂದಿನ ಲಾರಿ ದೂರ ಇದ್ದ ಹಾಗೆ ಕಾಣುತ್ತೆ' ಎಂದ. ಆ ಒಂದು ವಾಕ್ಯ ಪಠ್ಯದ ಮೂರು ಅಂಶಗಳಿಗಿಂತ ಮೇಲೆಂದು ನನ್ನ ತೀರ್ಪು.

ಭೂಗೋಳದ ವಿಚಾರವಂತೂ ಇನ್ನೂ ವಿಚಿತ್ರ. 'ಕೈಗಾರಿಕೆಗಳ ಸ್ಥಾನೀಕರಣದ ಮೇಲೆ ಪ್ರಭಾವ ಬೀರುವ ಅಂಶಗಳಾವುವು?' ಎಂಬುದು ಪರೀಕ್ಷೆಯ ಹಳೆಯ ನೆಂಟ. ಕಚ್ಚಾವಸ್ತು, ಶಕ್ತಿ, ಸಾರಿಗೆ, ಮಾರುಕಟ್ಟೆ, ಕಾರ್ಮಿಕರು, ಬಂಡವಾಳ, ಸರ್ಕಾರದ ನೀತಿ ಎಂದು ಮಕ್ಕಳು ಕಣ್ಣುಮುಚ್ಚಿ ಹೇಳುತ್ತಾರೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ತಡೆಯೊಡ್ಡಿತು. ತೋತಾಪುರಿಯ ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆ; ಕಾಯಿ ಇರುವುದು ಈಚೆ. ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿಗಳ ನಡುವೆ ಪತ್ರವ್ಯವಹಾರ ನಡೆಯಿತು, ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದ ಮೇಲೆ ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿತು. ಆ ದಿನಗಳಲ್ಲಿ ನಮ್ಮ ಮಕ್ಕಳ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆದರೂ ಆ ವರ್ಷದ ಜಗಲಿಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆಸಿದಾಗ ಎಂಟು ಮಕ್ಕಳಲ್ಲಿ ಒಬ್ಬರ ಉತ್ತರದಲ್ಲಿಯೂ ಮಾವಿನಕಾಯಿ ಇರಲಿಲ್ಲ. ಯಾಕೆ ಬರೆಯಲಿಲ್ಲವೆಂದು ಕೇಳಿದೆ. 'ಅದು ಪುಸ್ತಕದಲ್ಲಿಲ್ಲ, ಸಾರ್. ಬರೆದರೆ ಅಂಕ ಕೊಡ್ತಾರಾ?' ಕಚ್ಚಾವಸ್ತು ಒಂದು ರಾಜ್ಯದಲ್ಲಿ, ಕಾರ್ಖಾನೆ ಇನ್ನೊಂದರಲ್ಲಿ, ಸರ್ಕಾರದ ನೀತಿ ಎರಡರ ನಡುವಿನ ಗಡಿಕಂಬದಲ್ಲಿ: ಏಳು ಅಂಶಗಳಲ್ಲಿ ಮೂರು ಅವರ ತಂದೆಯ ಲಾರಿಯನ್ನು ಅಡ್ಡಗಟ್ಟಿ ನಿಂತಿದ್ದುವು. ಉತ್ತರವನ್ನು ಅನುಭವಿಸಿದವರಿಗೆ ಅದು ಉತ್ತರವೆಂದೇ ತಿಳಿಯಲಿಲ್ಲ.

ಅಂಕ ಕೊಡುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದುದು. ಅದನ್ನು ಹಾರಿಸಿ ಹೋಗಲಾಗದು. ಗಣಿತದಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಮಂಡಿಯ ಹೆಣ್ಣುಮಗಳು ಕೇಳಿದ ಲೆಕ್ಕದ ಜಾತಿಯದೇ ಒಂದನ್ನು ಈ ಮಕ್ಕಳಿಗೆ ಕೊಟ್ಟೆ: ಸೂರ್ಯನ ಉನ್ನತ ಕೋನ 60 ಡಿಗ್ರಿಯಿದ್ದಾಗ ತೆಂಗಿನ ಮರದ ನೆರಳು ಎಷ್ಟಿರುತ್ತದೆಯೋ, 30 ಡಿಗ್ರಿಗೆ ಇಳಿದಾಗ ಅದಕ್ಕಿಂತ 12 ಮೀಟರ್ ಹೆಚ್ಚಾಗುತ್ತದೆ, ಮರದ ಎತ್ತರವೆಷ್ಟು? ಪುಸ್ತಕದ ದಾರಿಯಲ್ಲಿ ಎರಡು ಲಂಬಕೋನ ತ್ರಿಭುಜಗಳನ್ನು ಬರೆದು, ಎರಡು ಸಮೀಕರಣ ಮಾಡಿ, ಒಂದನ್ನು ಇನ್ನೊಂದರಲ್ಲಿ ಹಾಕಿ ಬಿಡಿಸಬೇಕು. ಹುಡುಗಿಯೊಬ್ಬಳು, ಮೊದಲು ಜಗಲಿಗೆ ಬಂದವಳೇ, ಚಿತ್ರ ಬರೆದು ಬಹಳ ಹೊತ್ತು ನೋಡಿದಳು. 'ಸಾರ್, ಈ ಉದ್ದನೆಯ ತ್ರಿಭುಜದ ತುದಿ 30, ಹೊರಗಿನ ಕೋನ 60. ಹಾಗಾದರೆ ಮರದ ನೆತ್ತಿಯಲ್ಲೂ 30 ಉಳೀತು. ಎರಡು ಕೋನ ಒಂದೇ ಆದರೆ ಎರಡು ಬದಿಯೂ ಒಂದೇ ಅಲ್ವಾ?' ಹೌದು. ಹತ್ತಿರದ ನೆರಳಿನ ತುದಿಯಿಂದ ಮರದ ನೆತ್ತಿಗೆ ಎಳೆದ ಓರೆಗೆರೆ 12 ಮೀಟರೇ. ನೆತ್ತಿಯಿಂದ ನೆಲಕ್ಕೆ ಇಳಿದರೆ ಅದರ ಅರ್ಧದಷ್ಟು, 6 ಮೀಟರ್, ನೆರಳು. ಎತ್ತರ ಆರರ ಮೂರುವರ್ಗಮೂಲ ಪಟ್ಟು, ಸುಮಾರು 10.4 ಮೀಟರ್. ಎರಡು ಸಮೀಕರಣಗಳ ಜಂಜಾಟವೇ ಇಲ್ಲ. ಮೂವತ್ತು ವರ್ಷ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದ ನನಗೆ ಈ ಸಮದ್ವಿಬಾಹು ತ್ರಿಭುಜ ಕಣ್ಣಿಗೆ ಬಿದ್ದಿರಲಿಲ್ಲವೆಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಇಂಥ ಉತ್ತರಕ್ಕೆ ಅಂಕ ಉಂಟು. ಪರ್ಯಾಯ ವಿಧಾನ ಸರಿಯಿದ್ದರೆ ಅಂಕ ಕೊಡಬೇಕೆಂಬ ಸೂಚನೆ ಮಾದರಿ ಉತ್ತರಗಳಲ್ಲಿಯೇ ಇರುತ್ತದೆ. ಆದರೆ ಮಗು ಅದನ್ನು ನಂಬುವುದಿಲ್ಲ. ಮೌಲ್ಯಮಾಪಕರಲ್ಲಿಯೂ ಎಲ್ಲರೂ ನಿಧಾನವಾಗಿ ಓದುವುದಿಲ್ಲ. ಕಟ್ಟುಗಟ್ಟಲೆ ಪತ್ರಿಕೆಗಳ ನಡುವೆ, ಫ್ಯಾನಿನ ಗಾಳಿಗೆ ಹಾರುವ ಹಾಳೆಗಳನ್ನು ಹಿಡಿದುಕೊಂಡು, ಅಪರಿಚಿತವಾದ ದಾರಿಯೊಂದು ಕಂಡಾಗ ನಿಂತು ಅದರೊಡನೆ ಹತ್ತು ಹೆಜ್ಜೆ ನಡೆಯುವುದು ಸುಲಭವಲ್ಲ. ನಾನೂ ಎಷ್ಟೋ ಸಲ ನಡೆದಿರಲಾರೆ. ಅದರ ಲೆಕ್ಕವನ್ನು ಈಗ ತೆಗೆಯುವಂತಿಲ್ಲ. ಈ ಸಾಲುಗಳನ್ನು ಓದುವ ಉಪಾಧ್ಯಾಯ ಮಿತ್ರರಲ್ಲಿ ಕೇಳಿಕೊಳ್ಳುವುದಿಷ್ಟೆ: ಬರುವ ಬೇಸಗೆಯಲ್ಲಿ ಅಂಥ ಉತ್ತರ ಕಂಡರೆ ಲೇಖನಿಯನ್ನು ಒಂದು ನಿಮಿಷ ಕೆಳಗಿಡಿ.

ಹಳ್ಳಿಯ ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಗೆರೆ ದಾಟಿದರೆ ಸಾಲದೇ ಎಂದು ಹೇಳುವ ಸ್ನೇಹಿತರಿದ್ದಾರೆ. ಅವರ ಮರುಕ ನಿಜವಾದದ್ದು. ಆದರೆ ಪ್ರಶ್ನೆಪತ್ರಿಕೆಯಲ್ಲಿ ಕಠಿಣ ಪ್ರಶ್ನೆಗೆಂದು ಒಂದು ಪಾಲು ಇಟ್ಟಿರುವುದು ಯಾರು ಮುಂದೆ ಹೋಗಬಲ್ಲರೆಂದು ಸೋಸುವುದಕ್ಕಾಗಿ. ಆ ಪಾಲನ್ನು ಓದದೆ ಬಿಡಲು ಕಲಿತ ಮಗು, ಸೋಸುವ ಮೊದಲೇ ತಾನಾಗಿ ಜರಡಿಯಿಂದ ಕೆಳಗಿಳಿದು ಹೋಗುತ್ತದೆ. ಹೀಗೆ ಇಳಿದುಹೋಗದವರೂ ನಮ್ಮ ಸೀಮೆಯಲ್ಲಿದ್ದರು. ಗೌರಿಬಿದನೂರಿನ ಹತ್ತಿರದ ಹೊಸೂರು ಆಗ ಕೋಲಾರ ಜಿಲ್ಲೆಗೆ ಸೇರಿತ್ತು. ಅಲ್ಲಿಯ ಬಡ ಮನೆಯೊಂದರಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲಿನ ಓದಿಗಾಗಿ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಹೋದರು, ಭೌತಶಾಸ್ತ್ರದ ಅಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿರೆಂದು ಜೀವಮಾನವಿಡೀ ಹೇಳಿದರು. ಅವರ ಹೆಸರನ್ನು ಮಕ್ಕಳಿಗೆ ಹೇಳಿದಾಗ, ಎಷ್ಟು ಮೈಲಿ ನಡೆದರು, ರಾತ್ರಿ ಎಲ್ಲಿ ಮಲಗಿದರು ಎಂದೇ ಕೇಳಿದರು. ಮಕ್ಕಳಿಗೆ ಸರಿಯಾದ ಪ್ರಶ್ನೆ ಯಾವುದೆಂಬುದು ಗೊತ್ತಿರುತ್ತದೆ.

ಇನ್ನು ಕೋಲಿನ ಪ್ರಸಂಗ. ಭಾರತದ ಭೂಪಟವನ್ನು ನಮ್ಮ ಹುಡುಗಿಯರು ಅಂಗಳದಲ್ಲಿ ಮುಗ್ಗು ಹಾಕುವಷ್ಟೇ ಸಲೀಸಾಗಿ ಬರೆಯುತ್ತಾರೆ. ಅದರಲ್ಲಿ 82½ ಡಿಗ್ರಿಯ ಆದರ್ಶ ಕಾಲಮಾನ ರೇಖೆಯನ್ನು ಗುರುತಿಸಿದರೆ ಒಂದಂಕ. ಗುರುತಿಸಿದ ಮೇಲೆ ಒಂದು ದಿನ ಕೇಳಿದೆ: ರಾಯಲ್ಪಾಡು ಈ ಗೆರೆಯ ಯಾವ ಕಡೆಗಿದೆ? ಯಾರೂ ಮಾತಾಡಲಿಲ್ಲ. ಊರು ಭೂಪಟದಲ್ಲಿ ಇರಬಹುದೆಂದೇ ಅವರು ಎಣಿಸಿರಲಿಲ್ಲ. ನಮ್ಮ ಸೀಮೆ ಸುಮಾರು 78¼ ಡಿಗ್ರಿಯ ಹತ್ತಿರ ಎಂದೆ. ವ್ಯತ್ಯಾಸ ನಾಲ್ಕೂಕಾಲು ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ, ಹದಿನೇಳು ನಿಮಿಷ. ಗಡಿಯಾರದಲ್ಲಿ ಹನ್ನೆರಡು ಹೊಡೆದ ಹದಿನೇಳು ನಿಮಿಷಕ್ಕೆ ನಮ್ಮೂರಿನ ನಡುಹಗಲು. ಪುಸ್ತಕಕ್ಕೆ ಇಷ್ಟು ಸಾಕು. ಆ ಹುಡುಗಿಗೆ ಸಾಲಲಿಲ್ಲ. ಫೆಬ್ರವರಿಯ ಎರಡನೆಯ ಭಾನುವಾರ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟು, ಬೆಳಿಗ್ಗೆ ಒಂದು ಹೊತ್ತಿನ ನೆರಳಿನ ತುದಿಗೆ ಕಲ್ಲಿಟ್ಟು, ಮಧ್ಯಾಹ್ನ ನೆರಳು ಮತ್ತೆ ಅಷ್ಟೇ ಉದ್ದಕ್ಕೆ ಬರುವವರೆಗೆ ಕಾದು, ಎರಡು ಹೊತ್ತುಗಳ ನಡುವನ್ನು ಹಿಡಿದಳು. ಹನ್ನೆರಡೂವರೆ ಬಂತು. ಸಂಜೆ ಬಂದು, 'ಸಾರ್, ನಿಮ್ಮ ಲೆಕ್ಕ ತಪ್ಪು' ಎಂದಳು.

ತಪ್ಪಲ್ಲ, ಅರ್ಧ ಮಾತ್ರ. ಭೂಮಿ ಸೂರ್ಯನನ್ನು ಸುತ್ತುವ ದಾರಿ ನೆಟ್ಟಗಿನ ವೃತ್ತವಲ್ಲ, ಅದರ ಅಕ್ಷವೂ ಓರೆ. ಇವೆರಡರಿಂದ ಸೂರ್ಯನ ನಡುಹಗಲು ವರ್ಷದಲ್ಲಿ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಫೆಬ್ರವರಿಯ ನಡುವಿಗೆ ಹದಿನಾಲ್ಕು ನಿಮಿಷ ತಡ. ನವೆಂಬರ್ ಮೊದಲಿಗೆ ಹದಿನಾರು ನಿಮಿಷ ಬೇಗ. ಹದಿನೇಳಕ್ಕೆ ಹದಿನಾಲ್ಕು ಕೂಡಿಸಿದರೆ ಅವಳ ಹನ್ನೆರಡೂವರೆ ಸರಿಹೋಯಿತು. ಇದು ಹತ್ತನೆಯ ತರಗತಿಯ ಪರೀಕ್ಷೆಗೆ ಬರುವುದಿಲ್ಲವೆಂದು ಹೇಳಬೇಕೆಂದು ಬಾಯಿ ತೆರೆದೆ. ಮಂಡಿಯ ಚೀಟಿ ನೆನಪಾಗಿ ಸುಮ್ಮನಾದೆ.

ನಮ್ಮ ಹಳೆಯ ಜ್ಯೋತಿಷಿಗಳು ಇಂಥ ಕೋಲನ್ನು ಶಂಕು ಎನ್ನುತ್ತಿದ್ದರು. ಅದಕ್ಕೆ ಹನ್ನೆರಡು ಅಂಗುಲದ ಅಳತೆ. ಹಗಲಿರುಳು ಸಮನಾದ ದಿನ ನಡುಹಗಲಿನಲ್ಲಿ ಅದರ ನೆರಳೆಷ್ಟೆಂದು ಅಳೆದರೆ ಊರಿನ ಅಕ್ಷಾಂಶ ಸಿಕ್ಕುತ್ತದೆ. ಇದನ್ನು ಹೇಳಿದ್ದೇ ತಡ, ಮಾರ್ಚ್ 21ಕ್ಕೆ ಮತ್ತೆ ಕೋಲು ನೆಟ್ಟಿತು. ಪರೀಕ್ಷೆಯ ದಿನಗಳು, ಓದುವುದು ಬಿಟ್ಟು ಕೋಲು ಕಾಯುತ್ತಾಳೆಂದು ಮನೆಯಲ್ಲಿ ಗೊಣಗಿದರು. ನೆರಳು 24 ಸೆಂಟಿಮೀಟರ್ ಬಂತು. ನೂರಕ್ಕೆ ಇಪ್ಪತ್ತನಾಲ್ಕು, ಕೋಷ್ಟಕ ನೋಡಿದರೆ 13½ ಡಿಗ್ರಿ. ತನ್ನ ಊರು ಭೂಮಿಯ ಮೇಲೆ ಎಲ್ಲಿದೆಯೆಂಬುದನ್ನು ಅವಳು ಯಾರನ್ನೂ ಕೇಳದೆ, ಒಂದು ಕೋಲಿನಿಂದ ಕಂಡುಕೊಂಡಳು. ತ್ರಿಕೋನಮಿತಿ, ಭೂಗೋಳ, ಬೆಳಕಿನ ಪಾಠ ಇವು ಮೂರು ಬೇರೆ ಬೇರೆ ಪತ್ರಿಕೆಗಳೆಂಬುದು ಆ ಮಧ್ಯಾಹ್ನ ಅವಳಿಗೆ ಮರೆತುಹೋಗಿತ್ತು. ನನಗೂ.

ಕೋಲು ಇನ್ನೂ ಅಂಗಳದಲ್ಲಿದೆ. ಅವಳ ಅಜ್ಜಿ ಅದಕ್ಕೆ ಕರುವನ್ನು ಕಟ್ಟುತ್ತಾರೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಹಗಲಿನಲ್ಲಿ ಈ ಕೋಲಿಗೆ ನೆರಳೇ ಇರುವುದಿಲ್ಲ, ಅಲ್ಲಿಂದ ಆಗಸ್ಟ್ ನಡುವಿನವರೆಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ ಎಂದು ಹೇಳಿದ್ದೇನೆ. ಅವಳು ನಂಬಿಲ್ಲ. 'ನೋಡ್ತೀನಿ, ಸಾರ್' ಎಂದಿದ್ದಾಳೆ.